ಪೈಪು ಸಣ್ಣದಾದರೆ ಫೋರ್ಸ್ ಜಾಸ್ತಿ ಬರುತ್ತಾ?

"ಸಾರ್, ಬಂಗಾರಪೇಟೆಯಲ್ಲಿ ಮನೆ ಕಟ್ಟಿಸ್ತಿದ್ದೀವಿ. ಟ್ಯಾಂಕಿಂದ ಬಾತ್‌ರೂಮಿಗೆ ಅರ್ಧ ಇಂಚಿನ ಪೈಪೇ ಸಾಕು, ಸಣ್ಣ ಪೈಪಲ್ಲಿ ಫೋರ್ಸ್ ಜಾಸ್ತಿ ಅಂತಾರೆ ಮೇಸ್ತ್ರಿ. ಹೌದಾ?"

ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಹೇಳುತ್ತೇನೆ. ಟೈಲ್ಸ್ ಅಂಟಿಸಿದ ಮೇಲೆ ಈ ತಪ್ಪು ಗೊತ್ತಾದರೆ ಗೋಡೆ ಒಡೆಯದೆ ದಾರಿಯಿಲ್ಲ.

ಈ ನಂಬಿಕೆ ಹುಟ್ಟುವುದು ಗಿಡಕ್ಕೆ ನೀರು ಬಿಡುವಾಗ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರಕ್ಕೆ ಚಿಮ್ಮುತ್ತದೆ, ಅಲ್ವಾ? ಆದರೆ ಅಲ್ಲಿ ಕಿರಿದಾಗಿರುವುದು ತುದಿ ಮಾತ್ರ. ಹಿಂದಿನ ಪೈಪೆಲ್ಲ ಅಗಲವಾಗೇ ಇದೆ. ಅದರೊಳಗೆ ನೀರು ನಿಧಾನವಾಗಿ ಬರುತ್ತದೆ, ಒಳಮೈಗೆ ಜಾಸ್ತಿ ಉಜ್ಜುವುದಿಲ್ಲ, ಒತ್ತಡ ಪೋಲಾಗದೆ ಬೆರಳಿನ ತನಕ ತಲುಪುತ್ತದೆ. ಪೈಪೇ ಉದ್ದಕ್ಕೂ ಸಣ್ಣದಾದರೆ ಆ ಒತ್ತಡವೆಲ್ಲ ದಾರಿಯಲ್ಲೇ ಕರಗಿಹೋಗುತ್ತದೆ. ಅಷ್ಟೇ ನೀರು ಅರ್ಧ ಅಗಲದ ಪೈಪಿನಲ್ಲಿ ಹರಿಯಬೇಕಾದರೆ ಉಜ್ಜಾಟದಲ್ಲಿ ಕಳೆಯುವ ಒತ್ತಡ ಸುಮಾರು 30 ಪಟ್ಟಾಗುತ್ತದೆ. ನಂಬಿಕೆ ಬರದಿದ್ದರೆ ಬೆರಳು ಒತ್ತಿಕೊಂಡೇ ಒಂದು ಬಕೆಟ್ ತುಂಬಿಸಿ ನೋಡಿ. ಬೆರಳು ತೆಗೆದಾಗಲೇ ಬೇಗ ತುಂಬುತ್ತದೆ.

ಕೋಲಾರದಲ್ಲಿ ಒಂದು ಮನೆಗೆ ಹೋಗಿದ್ದೆ. ಟ್ಯಾಂಕ್ ತುಂಬಿದೆ, ಶವರ್ ಹೊಸದು. ತಿರುಗಿಸಿದರೆ ನೀರು ಚಿಮ್ಮದೆ ಗೋಡೆ ಹಿಡಿದುಕೊಂಡು ಇಳಿಯುತ್ತಿತ್ತು. ಮೇಲಿಂದ ಕೆಳಗಿನ ತನಕ ಅರ್ಧ ಇಂಚು, ನಡುವೆ 11 ಎಲ್ಬೋ, ಅಂದರೆ ಪೈಪ್ ತಿರುಗಿಸುವ ಬೆಂಡುಗಳು. ಹೊರಗೋಡೆಯ ಮೇಲೆ ಒಂದೂಕಾಲು ಇಂಚಿನ ಲೈನ್ ಇಳಿಸಿದೆವು. ಅದೇ ಟ್ಯಾಂಕ್, ಅದೇ ಶವರ್. ಮನೆಯ ಅಜ್ಜಿ ಕೈ ಒಡ್ಡಿ ನೋಡಿ "ಈಗ ನೀರು ಬಂತು ನೋಡಪ್ಪ" ಅಂದರು. ಆ ಮಾತು ನನಗೆ ಕೂಲಿಗಿಂತ ದೊಡ್ಡದು.

ಒತ್ತಡ ಕೊಡುವುದು ಎತ್ತರ. ಟ್ಯಾಂಕ್ 500 ಲೀಟರಿನದೋ 2,000 ಲೀಟರಿನದೋ, ಅದರಿಂದ ವ್ಯತ್ಯಾಸವಿಲ್ಲ. ನೀರಿನ ಮಟ್ಟ ಶವರಿಗಿಂತ ಸುಮಾರು 33 ಅಡಿ ಮೇಲಿದ್ದರೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ. ಮೇಲಿನ ಮಹಡಿಯ ಶವರಿಗೆ ಸಿಗುವುದು ಆರೇಳು ಅಡಿ ಅಷ್ಟೇ, ಅಂದರೆ ಅದರ ಐದನೇ ಒಂದು ಭಾಗ. ಇರುವ ಅಷ್ಟನ್ನೂ ಪೈಪಿಗೆ ತಿನ್ನಿಸಬೇಡಿ. ಟ್ಯಾಂಕಿಂದ ಒಂದೂವರೆ ಅಥವಾ ಒಂದೂಕಾಲು ಇಂಚು ಇಳಿಸಿ, ಬಾತ್‌ರೂಮಿಗೆ ಒಂದು ಇಂಚು, ನಲ್ಲಿಯ ಹತ್ತಿರ ಮಾತ್ರ ಅರ್ಧ ಇಂಚು. ಬಿಸಿನೀರಿಗೆ ಸಿಪಿವಿಸಿ, ಅಂದರೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು. ಲೈನಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಹೋಗಲು ಟ್ಯಾಂಕಿನ ಮಟ್ಟಕ್ಕಿಂತ ಮೇಲಕ್ಕೆ ಒಂದು ಏರ್ ಪೈಪ್ ಎಬ್ಬಿಸಿ.

ನೀವು ಕೇಳದ ಒಂದು ಮಾತು. ಆ ನಲ್ಲಿಯಲ್ಲಿ ಬರುವ ನೀರನ್ನು ಕುಡಿಯಬಹುದಾ? ನಮ್ಮ ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಎಷ್ಟೋ ಕಡೆ ಫ್ಲೋರೈಡ್ ಇದೆ, ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೂ 1.5 ದಾಟಬಾರದು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಮಳೆನೀರಿಗೆ ಈ ತೊಂದರೆ ಇಲ್ಲ. 1,000 ಚದರ ಅಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,300 ಲೀಟರ್. ಸಂಪು ತೋಡಿಸುವಾಗಲೇ ನಡುವೆ ಒಂದು ಗೋಡೆ ಎಬ್ಬಿಸಿ ಒಂದು ಭಾಗವನ್ನು ಮಳೆನೀರಿಗೇ ಇಡಿ, ತಾರಸಿ ಪೈಪನ್ನು ಫಿಲ್ಟರ್ ಮೂಲಕ ಆ ಭಾಗಕ್ಕೆ ಬಿಡಿಸಿ. ಅಲ್ಲಿಂದ ಅಡುಗೆಮನೆಗೆ ಬೇರೆಯೇ ಲೈನ್ ಎಳೆಸಿ. ಪ್ಲಾಸ್ಟರಿಂಗ್ ಆಗುವ ಮೊದಲೇ ಮೇಸ್ತ್ರಿಗೆ ಇದನ್ನು ಹೇಳಿಬಿಡಿ.