ನ್ಯೂಸ್ ಚಾನೆಲ್ ಯಾರ ಕಡೆ ವಾಲಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾವು ಡೊಂಬಿವಲಿಯವರು. ಮನೆಯಲ್ಲಿ ಮರಾಠಿ, ಕನ್ನಡ ಎರಡೂ ನ್ಯೂಸ್ ನೋಡುತ್ತೇವೆ. ಚರ್ಚೆಯಲ್ಲಿ ಪಕ್ಷಪಾತವಿದೆ ಎಂದು ಗುರುತಿಸುವುದು ಹೇಗೆ?

ಉತ್ತರ: ಎರಡು ಭಾಷೆ ಬರುವ ನಿಮಗೆ ಅರ್ಧ ಕೆಲಸ ಆಗಲೇ ಸಲೀಸು. ಬೆಳಗಾವಿ ಯಾವ ರಾಜ್ಯದ್ದು ಎಂಬ ಕರ್ನಾಟಕ-ಮಹಾರಾಷ್ಟ್ರ ಗಡಿ ಜಗಳ ಕಾವೇರಿದ್ದ 2022ರ ಡಿಸೆಂಬರ್ 6ನ್ನು ನೆನಪಿಸಿಕೊಳ್ಳಿ. ಬೆಳಗಾವಿ ಹತ್ತಿರ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು. ಅದೇ ದಿನ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆ ರಾತ್ರಿ ಮಾಟುಂಗದ ನಮ್ಮ ಮನೆಯಲ್ಲಿ ರಿಮೋಟ್ ಹಿಡಿದು ಕೂತಿದ್ದೆ. ಒಂದು ಮರಾಠಿ ಚಾನೆಲಿನಲ್ಲಿ ಲಾರಿಯ ಒಡೆದ ಗಾಜು ಮತ್ತೆ ಮತ್ತೆ ಬರುತ್ತಿತ್ತು, ಒಂದು ಕನ್ನಡ ಚಾನೆಲಿನಲ್ಲಿ ಮಸಿ ಮೆತ್ತಿದ ಬಸ್ಸು. ಎರಡೂ ನಡೆದದ್ದೇ. ಮರಾಠಿಯಲ್ಲಿ ಬೆಳಗಾವಿ ಎಂದರೆ ‘ಸೀಮಾಭಾಗ’, ಕನ್ನಡದಲ್ಲಿ ‘ಮಹಾಜನ ವರದಿಯೇ ಅಂತಿಮ’ (ಬೆಳಗಾವಿ ಕರ್ನಾಟಕದಲ್ಲೇ ಉಳಿಯಲಿ ಎಂದ ಆಯೋಗದ ವರದಿ ಅದು). ಈ ಗಡಿಯ ಬಗ್ಗೆ ಮಹಾರಾಷ್ಟ್ರ ಹೂಡಿದ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ ಎಂಬ ಮಾತು ಮಾತ್ರ ನಾನು ಕೂತಿದ್ದಷ್ಟು ಹೊತ್ತು ಎರಡರಲ್ಲೂ ಬರಲಿಲ್ಲ. ನನಗೆ ಬಹಳ ನೋವಾದದ್ದು ಅದಕ್ಕೇ.

ಪಕ್ಷಗಳ ಚರ್ಚೆಯಲ್ಲೂ ಹೀಗೆಯೇ. ಆ್ಯಂಕರ್ ಯಾರ ಮಾತನ್ನು ಅರ್ಧಕ್ಕೇ ತಡೆಯುತ್ತಾರೆ ಎಂದು ಹಾಲಿನ ಬಿಲ್ಲಿನ ಹಿಂದೆ ಗೀಟು ಹಾಕಿ ನೋಡಿ. ಪರದೆಯ ಕೆಳಗಿನ ಪ್ರಶ್ನೆ ಓದಿ: ‘ಸರ್ಕಾರ ಎಡವಿತೇ?’ ಎಂದರೆ ಉತ್ತರ ಕೊಡಬೇಕಾದವರು ಒಬ್ಬರು, ‘ವಿಪಕ್ಷದ ಪಿತೂರಿಯೇ?’ ಎಂದರೆ ಇನ್ನೊಬ್ಬರು. ‘ರಾಜಕೀಯ ವಿಶ್ಲೇಷಕರು’ ಎಂದು ಹೆಸರು ಹಾಕಿಸಿಕೊಂಡವರು ವಾರಗಟ್ಟಲೆ ಒಂದೇ ಪಕ್ಷದ ಪರ ವಾದಿಸಿದರೆ, ಅವರನ್ನು ಆ ಪಕ್ಷದವರೆಂದೇ ಲೆಕ್ಕ ಹಾಕಿ. ಬೇರೆ ಚಾನೆಲಿನಲ್ಲಿ ಮೊದಲ ಸುದ್ದಿಯಾಗಿ ಬಂದದ್ದು ಇಲ್ಲಿ ಬಂದೇ ಇಲ್ಲವೇ? ನಾನು ಮೊದಲು ಹುಡುಕುವುದು ಅದನ್ನೇ.

ಇದರ ಹಿಂದೆ ಟಿಆರ್‌ಪಿ, ಅಂದರೆ ಯಾವ ಚಾನೆಲನ್ನು ಎಷ್ಟು ಜನ ನೋಡುತ್ತಾರೆ ಎಂಬ ರೇಟಿಂಗ್ ಇದೆ, ಸರ್ಕಾರಿ ಜಾಹೀರಾತಿನ ದುಡ್ಡೂ ಇದೆ. 2020ರಲ್ಲಿ ದೇಶಕ್ಕೆಲ್ಲ ರೇಟಿಂಗ್ ಹೇಳುತ್ತಿದ್ದುದು ಸುಮಾರು 44 ಸಾವಿರ ಮನೆಗಳ ಮೀಟರು. ಆ ಅಕ್ಟೋಬರಿನಲ್ಲಿ ಕೆಲವು ಚಾನೆಲುಗಳು ಟಿಆರ್‌ಪಿ ತಿರುಚಿದವೆಂಬ ಆರೋಪದ ಪ್ರಕರಣವನ್ನು ಮುಂಬೈ ಪೊಲೀಸರು ಬಯಲಿಗೆ ತಂದ ಮೇಲೆ ನಿಂತ ನ್ಯೂಸ್ ರೇಟಿಂಗ್ ಮತ್ತೆ ಬಂದದ್ದು 2022ರ ಮಾರ್ಚಿನಲ್ಲಿ.

ದೂರು ಕೊಡಬಹುದು, ಕೊಡಿ. 2021ರ ಕೇಬಲ್ ಟಿವಿ ನಿಯಮದ ಪ್ರಕಾರ ಮೊದಲು ಚಾನೆಲಿಗೇ ಬರೆಯಬೇಕು. ಅವರು 15 ದಿನದೊಳಗೆ ಇತ್ಯರ್ಥ ಮಾಡಬೇಕು. ಸಮಾಧಾನವಾಗದಿದ್ದರೆ ಮುಂದಿನ 15 ದಿನದೊಳಗೆ ಚಾನೆಲ್ ಸೇರಿರುವ ಸ್ವನಿಯಂತ್ರಣ ಸಂಸ್ಥೆಗೆ (ಚಾನೆಲುಗಳೇ ಸೇರಿ ದೂರು ವಿಚಾರಿಸಲು ಮಾಡಿಕೊಂಡ ಸಂಸ್ಥೆ) ಹೋಗಬಹುದು. ಇಂಥ ಒಂದು ಸಂಸ್ಥೆ ಹಾಕಬಹುದಾದ ದಂಡ 2023ರಲ್ಲಿ ಹೆಚ್ಚೆಂದರೆ 1 ಲಕ್ಷ ರೂಪಾಯಿ ಇತ್ತು; ಇದು ಸಾಲದೆಂದು ಸುಪ್ರೀಂ ಕೋರ್ಟೇ ಆಗ ಹೇಳಿತ್ತು. ಪ್ರಸಾರವಾದ ವಾರದೊಳಗೇ ಬರೆದುಬಿಡಿ. ಕಾರ್ಯಕ್ರಮದ ಹೆಸರು, ತಾರೀಖು, ಗಂಟೆ, ಹೇಳಿದ ಮಾತು ಇದ್ದ ಹಾಗೇ ಇರಲಿ, ಫೋನಿನಲ್ಲಿ ಆ ತುಣುಕಿನ ವೀಡಿಯೋ ಇಟ್ಟುಕೊಳ್ಳಿ.