ಕೋಳಿ ಬಿಡಿಸುವ ಮೊದಲು ಕ್ಯಾಲೆಂಡರ್ ನೋಡಿ

ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವುದು ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಊರು ನೆಂಟರಿಂದ ತುಂಬುವ ಆ ದಿನಗಳಲ್ಲಿ ನನ್ನ ಚಿಕಿತ್ಸಾಲಯದ ಬೆಂಚಿನ ಸುತ್ತ ಕಾಲು ನೆಕ್ಕಿಕೊಳ್ಳುವ ನಾಯಿಗಳು ತುಂಬಿರುತ್ತವೆ. ಮುಂಗಾಲಿನ ಬೆರಳುಸಂದು ಕೆಂಪಾಗಿರುತ್ತದೆ. ಬಿಳಿ ಕೂದಲಿನ ನಾಯಿಯಾದರೆ ಅಲ್ಲಿನ ಕೂದಲು ಎಂಜಲು ತಾಗಿ ತಾಗಿ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಕಿವಿಯ ಒಳಭಾಗ ಬಿಸಿಯಾಗಿ, ಕಂಕುಳು ಮತ್ತು ತೊಡೆಸಂದಿನಲ್ಲಿ ಕೆರೆದ ಗೀರುಗಳಿರುತ್ತವೆ. ಕರೆತಂದವರು ಕುಳಿತುಕೊಳ್ಳುವ ಮೊದಲೇ ಹೇಳುವ ಮಾತು ಒಂದೇ: “ಡಾಕ್ಟ್ರೇ, ಉಷ್ಣ ಆಗಿದೆ. ಚಿಕನ್ ನಿಲ್ಲಿಸಿಬಿಟ್ಟಿದ್ದೀವಿ.”

ಅವರ ಕಾಳಜಿಯಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ರಾತ್ರಿಯಿಡೀ ನಾಯಿ ಕಾಲು ನೆಕ್ಕುವ ಪಚಪಚ ಸದ್ದಿಗೆ ನಿದ್ದೆಗೆಟ್ಟು, ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ ಬಂದವರು ಅವರು. ಆದರೆ ಪ್ರತಿ ವರ್ಷ ಅದೇ ತಿಂಗಳಲ್ಲಿ ಹುಟ್ಟಿ ಅದೇ ತಿಂಗಳಲ್ಲಿ ಅಡಗುವ ತುರಿಕೆಗೆ, ವರ್ಷದ 365 ದಿನವೂ ತಟ್ಟೆಯಲ್ಲಿದ್ದ ಕೋಳಿ ಹೇಗೆ ಕಾರಣವಾದೀತು ಎಂಬ ಪ್ರಶ್ನೆಯನ್ನು ಒಬ್ಬರೂ ಕೇಳಿಕೊಂಡು ಬರುವುದಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಪರಾಗದ ಅಲರ್ಜಿಯೆಂದರೆ ಸೀನು, ಸೋರುವ ಮೂಗು ಎಂಬುದು ಮನುಷ್ಯರ ಅನುಭವ. ನಾಯಿಯಲ್ಲಿ ಅದು ಹೆಚ್ಚಾಗಿ ಚರ್ಮದ ತುರಿಕೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಇಂತಹ ನಾಯಿಗಳ ಚರ್ಮದ ಹೊರಪದರ ದುರ್ಬಲವಾಗಿರುತ್ತದೆ. ಹುಲ್ಲಿನ ಮೇಲೆ ಓಡಾಡುವಾಗ ಪಾದಕ್ಕೆ, ಹೊಟ್ಟೆಗೆ, ಮೂತಿಗೆ ಅಂಟಿದ ಪರಾಗ ಆ ಪದರವನ್ನು ದಾಟಿ ಒಳಸೇರಿ ತುರಿಕೆಯನ್ನು ಎಬ್ಬಿಸುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದ ವಯಸ್ಸಿನೊಳಗೆ ಇದು ಮೊದಲ ಬಾರಿಗೆ ತಲೆದೋರುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್, ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚಾದರೂ ಊರನಾಯಿಗಳಿಗೆ ಬಾರದೆಂದೇನಿಲ್ಲ.

ಮುಂಗಾರು ಹಿಂದೆಗೆಯುವ ಹೊತ್ತಿಗೆ ನಮ್ಮ ಸುತ್ತ ಏನಾಗುತ್ತದೆಂದು ನೋಡಿ. ಹೊಸ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಎನ್ನುವ ಕಳೆ, ಸೊಂಟದೆತ್ತರಕ್ಕೆ ಬೆಳೆದು ಬಿಳಿ ಹೂ ಬಿಟ್ಟಿರುತ್ತದೆ. ರಸ್ತೆಬದಿಯ ಗರಿಕೆ ಮತ್ತಿತರ ಹುಲ್ಲುಗಳು ತೆನೆ ಹಾಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಪರಾಗವನ್ನು ಗಾಳಿಗೆ ತೂರುವುದು ಇಂತಹ ಅಂದವಿಲ್ಲದ ಹೂಗಳೇ. ಸಕಲೇಶಪುರದ ಕಡೆಯವರು ಕಾಫಿ ಹೂವನ್ನು ದೂರುವುದುಂಟು. ಕಾಫಿ ಹೂವಾಗುವುದು ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆಗೆ. ಅಕ್ಟೋಬರಿನ ತುರಿಕೆಯನ್ನು ಅದರ ತಲೆಗೆ ಕಟ್ಟಲಾಗದು. ಹಾಗೆಂದು ಯಾವ ಗಿಡದ ಪರಾಗ ಎಂಬುದನ್ನು ನಾಯಿಯನ್ನು ನೋಡಿದ ಮಾತ್ರಕ್ಕೆ ನಾನೂ ಹೇಳಲಾರೆ. ಅದಕ್ಕೆ ಚರ್ಮದ ಅಥವಾ ರಕ್ತದ ಪರೀಕ್ಷೆ ಬೇಕು, ಮತ್ತು ಆ ಪರೀಕ್ಷೆ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಅಲರ್ಜಿಗೆ ಒಗ್ಗಿಸುವ ಚುಚ್ಚುಮದ್ದನ್ನು ರೂಪಿಸುವುದಕ್ಕೆ.

ಚಿಗಟ ಮತ್ತು ಉಣ್ಣೆಯನ್ನು ಮೊದಲು ತೊಲಗಿಸಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬಾಲದ ಬುಡವನ್ನೇ ಹೆಚ್ಚು ಕಚ್ಚಿಕೊಳ್ಳುವ ನಾಯಿಯಲ್ಲಿ ನಾನು ಹುಡುಕುವುದು ಚಿಗಟವನ್ನೇ.

ಇನ್ನು ನಾನು ಸಾವಿರ ಸಲ ಹೇಳಿದರೂ ಮನಸ್ಸಿಗೆ ಇಳಿಯದ ವಿಷಯಕ್ಕೆ ಬರುತ್ತೇನೆ. ನಿವೃತ್ತ ಮೇಷ್ಟ್ರೊಬ್ಬರ ಮನೆಯ ಲ್ಯಾಬ್ರಡಾರ್ ಬ್ರೂನೋಗೆ ಮೂರು ವರ್ಷ ಸತತವಾಗಿ ಹಾಸನಾಂಬೆಯ ದರ್ಶನಕ್ಕೆ ನೆಂಟರು ಬಂದ ದಿನಗಳಲ್ಲೇ ತುರಿಕೆ ಜೋರಾಗುತ್ತಿತ್ತು. ನೆಂಟರ ಮಕ್ಕಳು ಕದ್ದು ಏನೋ ತಿನ್ನಿಸುತ್ತಾರೆಂದು ಮನೆಯ ಅಮ್ಮನವರಿಗೆ, ಅಂದರೆ ಮೇಷ್ಟ್ರ ಹೆಂಡತಿಗೆ, ಎಷ್ಟು ಖಾತ್ರಿಯಾಗಿತ್ತೆಂದರೆ, ಆ ಕಾರಣಕ್ಕೆ ಸ್ವಂತ ತಂಗಿಯೊಡನೆ ಮಾತು ಬಿಟ್ಟಿದ್ದರು. ಮೂರನೆಯ ವರ್ಷ ಕೋಳಿ, ಮೊಟ್ಟೆ ಎಲ್ಲವನ್ನೂ ಬಿಡಿಸಿ ಮೂರು ತಿಂಗಳು ಮೊಸರನ್ನ ಹಾಕಿದರು. ಸಂಕ್ರಾಂತಿಯ ಮಾರನೆಯ ವಾರ ಅವರು ಬಂದಾಗ ತುರಿಕೆ ಪೂರ್ತಿ ನಿಂತಿತ್ತು. ನಾಯಿಯ ತೂಕ 34 ಕಿಲೋದಿಂದ 28ಕ್ಕೆ ಇಳಿದು ಪಕ್ಕೆಲುಬು ಎಣಿಸುವಂತಾಗಿತ್ತು. “ಮೊಸರನ್ನದಿಂದ ವಾಸಿಯಾಯಿತು, ಡಾಕ್ಟ್ರೇ” ಎಂದರು ಮೇಷ್ಟ್ರು.

“ಹೋದ ವರ್ಷ ಏನು ಮಾಡಿದ್ದಿರಿ, ಮೇಷ್ಟ್ರೇ?” ಎಂದು ಕೇಳಿದೆ. ಬೇರೆ ಕಡೆ ಒಂದು ಇಂಜೆಕ್ಷನ್ ಹಾಕಿಸಿದ್ದರಂತೆ, ಸಂಕ್ರಾಂತಿಯ ಹೊತ್ತಿಗೆ ಹೋಗಿತ್ತಂತೆ. ಅದರ ಹಿಂದಿನ ವರ್ಷ ಬೇವಿನೆಣ್ಣೆ ಹಚ್ಚಿದ್ದರಂತೆ; ಅದೂ ಸಂಕ್ರಾಂತಿಗೇ ವಾಸಿಯಾಗಿತ್ತಂತೆ. ಹೇಳುತ್ತ ಹೇಳುತ್ತ ಅವರೇ ಸುಮ್ಮನಾದರು. ಮೂರು ವರ್ಷ, ಮೂರು ಬೇರೆ ಬೇರೆ ಮದ್ದು, ವಾಸಿಯಾದ ಕಾಲ ಮಾತ್ರ ಒಂದೇ. ಹುಲ್ಲು ಒಣಗಿತ್ತು, ಗಾಳಿಯಲ್ಲಿ ಪರಾಗ ಕಡಿಮೆಯಾಗಿತ್ತು. ಕೊನೆಗೆ ಯಾವುದನ್ನು ಮಾಡಿದ್ದರೋ ಅದಕ್ಕೆ ಹೆಸರು ಬಂದಿತ್ತು.

ಆಹಾರದ ಅಲರ್ಜಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ಇದೆ, ಪರಾಗದ ಅಲರ್ಜಿಯ ಜೊತೆಗೇ ಒಂದೇ ನಾಯಿಯಲ್ಲಿ ಇರಲೂಬಹುದು. ಆದರೆ ಅದು ಹಬ್ಬ, ಋತು ನೋಡಿಕೊಂಡು ಬರುವುದಿಲ್ಲ. ಆ ಆಹಾರ ತಿನ್ನುವಷ್ಟು ಕಾಲವೂ ಇರುತ್ತದೆ. ವರ್ಷವಿಡೀ ತುರಿಸುವ ನಾಯಿಗೆ ನಾನೇ ಆಹಾರ ಪರೀಕ್ಷೆಯನ್ನು ಹೇಳುತ್ತೇನೆ. ಅದು ಎಂಟು ವಾರಗಳ ಕಟ್ಟುನಿಟ್ಟಿನ ಪಥ್ಯ: ನಾಯಿ ಹಿಂದೆಂದೂ ತಿನ್ನದ ಒಂದು ಮಾಂಸ, ಅಥವಾ ಅದಕ್ಕೆಂದೇ ತಯಾರಿಸಿದ ಆಹಾರ, ಅದರ ಹೊರತು ಒಂದು ತುಣುಕೂ ಇಲ್ಲ. ಕೋಳಿಯನ್ನು ಬಿಡಿಸಿ ಮೊಸರನ್ನ ಹಾಕಿ, ಸಂಜೆ ಕಾಫಿಯ ಜೊತೆ ಎರಡು ಬಿಸ್ಕತ್ತು ಕೊಡುವುದು ಪಥ್ಯವಾಗುವುದಿಲ್ಲ, ಏಕೆಂದರೆ ನಾಯಿಗಳಲ್ಲಿ ಅಲರ್ಜಿ ತರುವ ಆಹಾರಗಳ ಸಾಲಿನಲ್ಲಿ ಕೋಳಿಯ ಜೊತೆಗೆ ದನದ ಮಾಂಸ, ಹಾಲಿನ ಪದಾರ್ಥ ಮತ್ತು ಗೋಧಿಯೂ ಮುಂಚೂಣಿಯಲ್ಲಿವೆ. ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆಯ ಎರಡನೆಯ ಅರ್ಧ, ಯಾರೂ ಮಾಡದ ಅರ್ಧ: ತುರಿಕೆ ನಿಂತ ಮೇಲೆ ಬಿಡಿಸಿದ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಹದಿನೈದು ದಿನದೊಳಗೆ ತುರಿಕೆ ಮರಳಿದರೆ ಆ ಆಹಾರದ ಮೇಲಿನ ಆಪಾದನೆ ನಿಜ. ಮರಳದಿದ್ದರೆ ಅದು ನಿರಪರಾಧಿ, ಅದನ್ನು ನಾಯಿಯ ಬಟ್ಟಲಿಗೆ ಹಿಂದಿರುಗಿಸಬೇಕು.

ಮೇಷ್ಟ್ರಿಗೂ ಹೀಗೆಯೇ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಗುರುತು ಹಾಕಲು ಕೇಳಿಕೊಂಡೆ. ಹಬ್ಬವನ್ನು ನಂಬಿ ಲೆಕ್ಕವಿಡಬೇಡಿ, ತಾರೀಖು ಬರೆಯಿರಿ ಎಂದೂ ಸೇರಿಸಿದೆ. ಹಬ್ಬ ಚಂದ್ರನನ್ನು ಅನುಸರಿಸಿ ಹಿಂದುಮುಂದಾಗುತ್ತದೆ, ಹುಲ್ಲು ಹೂವಾಗುವುದು ಮಳೆಯನ್ನು ಅನುಸರಿಸಿ.

ಚಿಕಿತ್ಸೆಯಲ್ಲಿ ಬಹಳಷ್ಟು ಕೆಲಸ ಮನೆಯದೇ. ಹೊರಗಿನಿಂದ ಬಂದ ಕೂಡಲೇ ಪಾದ ಮತ್ತು ಹೊಟ್ಟೆಯನ್ನು ಬರೀ ನೀರಿನಲ್ಲಿ ತೊಳೆದು, ಬೆರಳುಸಂದನ್ನು ಪೂರ್ತಿ ಒಣಗುವಂತೆ ಒರೆಸಬೇಕು. ಒದ್ದೆ ಉಳಿದರೆ ಯೀಸ್ಟ್ ಬೆಳೆದು ಹುಳಿವಾಸನೆ ಹಿಡಿಯುತ್ತದೆ. ವಾರಕ್ಕೊಮ್ಮೆ ವೈದ್ಯರು ಹೇಳಿದ ಶಾಂಪೂವಿನಲ್ಲಿ ಸ್ನಾನ ಮಾಡಿಸಿ, ಔಷಧಿಯ ಶಾಂಪೂವಾದರೆ ನೊರೆಯನ್ನು ಹತ್ತು ನಿಮಿಷ ಮೈಮೇಲೆ ಬಿಡಿ. ಬಿಸಿನೀರು ಬೇಡ, ತುರಿಕೆ ಹೆಚ್ಚುತ್ತದೆ. ಇದಕ್ಕೆ ಬಗ್ಗದಿದ್ದರೆ ಆಕ್ಲಾಸಿಟಿನಿಬ್ ಮಾತ್ರೆಯಂತಹ ಔಷಧಿಗಳಿವೆ. ಅದನ್ನು 12 ತಿಂಗಳು ತುಂಬದ ಮರಿಗೆ ಕೊಡುವಂತಿಲ್ಲ, ತೀವ್ರ ಸೋಂಕು ಇದ್ದಾಗಲೂ ಕೊಡುವಂತಿಲ್ಲ.

“ಹೋದ ಸಲದ ಇಂಜೆಕ್ಷನ್ನೇ ಹಾಕಿಬಿಡಿ” ಎನ್ನುವವರಿಗೆ ನಾನು ಒಪ್ಪುವುದಿಲ್ಲ. ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡ್ ಒಮ್ಮೆ ಮೈಸೇರಿದರೆ ಹಿಂದೆಗೆಯಲಾಗುವುದಿಲ್ಲ. ಮೇಲಿಂದ ಮೇಲೆ ಹಾಕಿಸಿಕೊಂಡ ನಾಯಿ ವಿಪರೀತ ನೀರು ಕುಡಿದು, ಮನೆಯೊಳಗೆ ಮೂತ್ರ ಮಾಡಿ, ಹೊಟ್ಟೆ ಜೋತು, ಚರ್ಮ ತೆಳುವಾಗಿ ಬರುವುದನ್ನು ಕಂಡಿದ್ದೇನೆ. ಅಲ್ಪಾವಧಿಗೆ ಮಾತ್ರೆಯ ರೂಪದಲ್ಲಿ ಸ್ಟೀರಾಯ್ಡನ್ನು ನಾನೂ ಬಳಸುತ್ತೇನೆ, ಅಳತೆ ನೋಡಿ ಇಳಿಸುತ್ತೇನೆ. ಇನ್ನು ಮೆಡಿಕಲ್ ಶಾಪಿನ ನೆಗಡಿ ಮಾತ್ರೆಯನ್ನು ಅಲರ್ಜಿಯ ಮಾತ್ರೆಯೆಂದು ದಯವಿಟ್ಟು ಕೊಡಬೇಡಿ. ಅವುಗಳಲ್ಲಿ ಅನೇಕವುಗಳಲ್ಲಿ ಪ್ಯಾರಸಿಟಮಾಲ್ ಮತ್ತು ಫೀನೈಲೆಫ್ರಿನ್ ಬೆರೆತಿರುತ್ತವೆ, ನಾಯಿಗೆ ಅಪಾಯ.

ಬ್ರೂನೋ ಜನವರಿಯ ಕೊನೆಯಿಂದ ದಿನವೂ ಕೋಳಿ ತಿಂದ. ಫೆಬ್ರವರಿಯ ಹಾಳೆಯಲ್ಲಿ ಮೇಷ್ಟ್ರ ದುಂಡಗಿನ ಅಕ್ಷರದಲ್ಲಿ “ತುರಿಕೆ ಇಲ್ಲ” ಎಂಬುದೇ ಸಾಲುಗಟ್ಟಿತ್ತು, ತೂಕ ಮರಳಿ 33 ಕಿಲೋ ಆಗಿತ್ತು. ಮುಂದೆ ಸೆಪ್ಟೆಂಬರ್ 27ರ ಚೌಕದಲ್ಲಿ “ಎಡ ಮುಂಗಾಲು ನೆಕ್ಕಿದ, ಎರಡು ಸಲ” ಎಂದು ಬರೆದು, ಅದೇ ಸಂಜೆ ಫೋನು ಮಾಡಿದರು. ಬೆರಳುಸಂದು ಇನ್ನೂ ಕೆಂಪಾಗುವ ಮೊದಲೇ ಸ್ನಾನ ಮತ್ತು ಮಾತ್ರೆ ಶುರುವಾಯಿತು. ಆ ವರ್ಷ ಹಾಸನಾಂಬೆಯ ದರ್ಶನಕ್ಕೆ ಅಮ್ಮನವರ ತಂಗಿಯೂ ಬಂದಿದ್ದರೆಂದು ಮೇಷ್ಟ್ರು ಹೇಳಿದರು.