ಒಂದು ಕಾಮಾ, ಹನ್ನೆರಡೂವರೆ ಕ್ವಿಂಟಲ್ ಒಣದ್ರಾಕ್ಷಿ

ವಿಜಯಪುರದ ಹತ್ತಿರ, ತಿಕೋಟಾ ಕಡೆ ನಮ್ಮ ಕಾಕಾನ ದ್ರಾಕ್ಷಿ ತೋಟ ಇದೆ. ಒಣದ್ರಾಕ್ಷಿ ಮಾರುವಾಗ ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಒಂದು ಪುಟ್ಟ ಪ್ರೋಗ್ರಾಂ ಬರೆದು ಅವರ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟಿದ್ದೆ. ಅದರಲ್ಲಿ ಬಟನ್ ಇಲ್ಲ, ಬಣ್ಣ ಇಲ್ಲ. ಕಪ್ಪು ಪರದೆಯಲ್ಲಿ ಲೆಕ್ಕ ಟೈಪ್ ಮಾಡಿ ಎಂಟರ್ ಒತ್ತಿದರೆ ಉತ್ತರ ಬರುತ್ತದೆ, ಅಷ್ಟೇ. ಒಂದು ಸಂಜೆ ಫೋನ್ ಬಂತು.

"ತಮ್ಮಾ, ಹನ್ನೆರಡೂವರೆ ಕ್ವಿಂಟಲ್ ಮಾಲಿಗೆ ನಿನ್ನ ಕಂಪ್ಯೂಟರ್ ನೂರಾ ಎಂಬತ್ತು ರೂಪಾಯಿ ಅನ್ನಾಕತ್ತೈತಿ. ಇದಕ್ಕ ಲೆಕ್ಕ ಬರಂಗಿಲ್ಲೇನ?"

ಕಾಕಾ ಟೈಪ್ ಮಾಡಿದ್ದು 1,250*180, ಅಂದರೆ 1,250 ಕಿಲೋ, ಕಿಲೋಗೆ 180 ರೂಪಾಯಿ. ಬರಬೇಕಾಗಿದ್ದು 2,25,000.

ತಪ್ಪು ಆ ಕಾಮಾದ್ದು. 1,250 ಅಂತ ಬರೆದಿದ್ದು ನಮಗೆ ಒಂದೇ ನೋಟಕ್ಕೆ ಸಂಖ್ಯೆಯಾಗಿ ಕಾಣುತ್ತದೆ. ಕಂಪ್ಯೂಟರ್‌ಗೆ ಅದು ಸಾಲಾಗಿ ನಿಂತ ಐದು ಗುರುತು ಮಾತ್ರ. ಅದು ಎಡದಿಂದ ಒಂದೊಂದೇ ಗುರುತು ಓದುತ್ತದೆ. ಅಂಕಿ ಸಿಕ್ಕರೆ, ಕೈಯಲ್ಲಿರುವುದನ್ನು ಹತ್ತರಿಂದ ಗುಣಿಸಿ ಹೊಸ ಅಂಕಿ ಕೂಡಿಸುತ್ತದೆ. 1250 ಅಂತ ಕೊಟ್ಟರೆ ಮೊದಲು 1, ಆಮೇಲೆ 12, 125, ಕೊನೆಗೆ 1250. ಕಾಮಾ ಅಂಕಿಯಲ್ಲ. ಹಾಗಾಗಿ 1 ಓದಿ ಅಲ್ಲೇ ನಿಂತುಬಿಡುತ್ತದೆ.

ನಿಂತಿದ್ದರಲ್ಲಿ ತಪ್ಪಿಲ್ಲ. ನಿಂತೆ ಅಂತ ಹೇಳದೇ ಇದ್ದದ್ದು ತಪ್ಪು. ನಾನು ಪ್ರೋಗ್ರಾಂ ಬರೆದ ಸಿ ಭಾಷೆಯಲ್ಲಿ, ಟೈಪ್ ಮಾಡಿದ ಗುರುತುಗಳನ್ನು ಸಂಖ್ಯೆ ಮಾಡಿಕೊಡುವ 'ಎ-ಟು-ಐ' (atoi) ಅನ್ನೋ ಹಳೆಯ ಫಂಕ್ಷನ್ (ಸಿದ್ಧ ಕೋಡ್ ತುಣುಕು) ಇದೆ. ಸಿಕ್ಕಷ್ಟು ಓದಿ, ಉಳಿದದ್ದನ್ನು ಸುಮ್ನೆ ಬಿಟ್ಟುಬಿಡುತ್ತದೆ. ಸೋಮಾರಿತನಕ್ಕೆ ನಾನು ಅದನ್ನೇ ಬಳಸಿದ್ದೆ. ಅದರ ಅಣ್ಣನಂಥ 'ಸ್ಟ್ರ್-ಟು-ಎಲ್' (strtol) ಎಲ್ಲಿ ನಿಂತೆ ಅನ್ನೋದನ್ನೂ ತಿಳಿಸುತ್ತದೆ. ಅದನ್ನು ಹಾಕಿದೆ. ಕಾಮಾಕ್ಕೂ ನಿಯಮ ಮಾಡಿದೆ: ಕೊನೆಯ ಗುಂಪಿನಲ್ಲಿ ಮೂರು ಅಂಕಿ ಇರಲೇಬೇಕು. 1,25,000 ನಡೆಯುತ್ತದೆ, 125,000 ಕೂಡ ನಡೆಯುತ್ತದೆ. 12,50 ಬಂದರೆ ಉತ್ತರ ಕೊಡದೆ ತಕರಾರು ಮಾಡುತ್ತದೆ. ಯುರೋಪಿನ ಎಷ್ಟೋ ದೇಶಗಳಲ್ಲಿ ಅದರ ಅರ್ಥ ಹನ್ನೆರಡೂವರೆ!

ಎಲ್ಲ ಸರಿಹೋಯಿತು ಅಂದುಕೊಂಡೆ. ಮರುದಿನ ತೂಕದ ಚೀಟಿಯಲ್ಲಿ 0750 ಅಂತ ಇತ್ತು. ಕಾಕಾ ಹಾಗೇ ಟೈಪ್ ಮಾಡಿದರು, 0750*180. ಬರಬೇಕಾಗಿದ್ದು 1,35,000. ಬಂದದ್ದು 87,840.

ಇದು ನಾನೇ ಮೈಮೇಲೆ ಎಳೆದುಕೊಂಡದ್ದು. ಹೊಸ ಫಂಕ್ಷನ್‌ಗೆ ಸಂಖ್ಯೆ ಯಾವ ಪದ್ಧತಿಯಲ್ಲಿದೆ ಅಂತ ಹೇಳಬೇಕು. 'ನೀನೇ ನೋಡಿಕೋ' ಅಂತ ಬಿಟ್ಟಿದ್ದೆ. ಆಗ ಅದು ಮೊದಲಿಗಿರುವ ಸೊನ್ನೆ ನೋಡಿ ಆಕ್ಟಲ್, ಅಂದರೆ ಎಂಟರ ಲೆಕ್ಕ ಅಂದುಕೊಳ್ಳುತ್ತದೆ. ಅಲ್ಲಿ ಸ್ಥಾನಗಳು 1, 10, 100 ಅಲ್ಲ, 1, 8, 64. ಹಾಗಾಗಿ 0750 ಅಂದರೆ ಏಳು 64, ಐದು 8, ಒಟ್ಟು 488. ಇದರ ಬೇರು ಹಳೆಯದು. ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹುಟ್ಟಿದ ಪಿಡಿಪಿ-7 ಯಂತ್ರದ ಒಂದು 'ಪದ'ಕ್ಕೆ (ಯಂತ್ರ ಒಮ್ಮೆಗೆ ಹಿಡಿಯುವ ತುಣುಕಿಗೆ) 18 ಬಿಟ್, ಅಂದರೆ 0 ಅಥವಾ 1 ಕೂರುವ 18 ಜಾಗ. ಮೂರು ಮೂರು ಬಿಟ್ ಗುಂಪು ಮಾಡಿದರೆ ಸರಿಯಾಗಿ ಆರು ಆಕ್ಟಲ್ ಅಂಕಿ. ಮೊದಲಿಗೆ ಸೊನ್ನೆ ಇಟ್ಟು ಆಕ್ಟಲ್ ಬರೆಯುವ ರೂಢಿ, ಸಿ ಭಾಷೆಗಿಂತ ಮೊದಲಿನ ಬಿ ಭಾಷೆಯಿಂದ ಸಿ ಭಾಷೆಗೆ ಬಂತು, ಅಲ್ಲಿಂದ ತಿಕೋಟಾಕ್ಕೂ ಬಂತು ನೋಡಿ. ಪೈಥಾನ್ ಅನ್ನೋ ಇನ್ನೊಂದು ಭಾಷೆಯ 3ನೇ ಆವೃತ್ತಿ ಮಾತ್ರ 2008ರಲ್ಲಿ ಜಾಣತನ ಮಾಡಿತು. ಕೋಡ್‌ನಲ್ಲಿ 0750 ಅಂತ ಬರೆದರೆ ಅದು ತಪ್ಪು ಅಂತಲೇ ಹೇಳುತ್ತದೆ. ನಾನು 'ಹತ್ತರ ಲೆಕ್ಕ' ಅಂತ ಖಚಿತವಾಗಿ ಬರೆದು ಮುಗಿಸಿದೆ.

ಆಮೇಲೆ ಕೈಪಿಡಿ ತೆಗೆದು ನೋಡಿದೆ. ನಾನು ಬರೆದದ್ದು ಒಂದೇ ಸಾಲು: 'ಸಂಖ್ಯೆ ಕೊಡಿ'. ಯಾವ ಥರದ ಸಂಖ್ಯೆ? ಎಂಥಾ ಪಳಗಿದ ಸಾಧನಕ್ಕೂ ಈ ವಿವರಣೆ ಬೇಕು. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮಾರಿಸ್ ಮತ್ತು ಲೊರಿಂಡಾ ಚೆರ್ರಿ ಮಾಡಿದ 'ಬಿಸಿ' (ಚಹಾದ ಬಿಸಿ ಅಲ್ಲ, ಲೆಕ್ಕದ ಪ್ರೋಗ್ರಾಂ) ಇವತ್ತಿಗೂ 10/3 ಕೊಟ್ಟರೆ 3 ಅನ್ನುತ್ತದೆ. ದಶಾಂಶ ಎಷ್ಟು ಬೇಕು ಅಂತ ನಾವೇ ಹೇಳಬೇಕು. ಕೈಪಿಡಿ ಓದದವರಿಗೆ ಅದು ಕೆಟ್ಟ ಯಂತ್ರ.

ಹಾಗಾಗಿ ನಿಯಮ ಕಡಿಮೆ ಮಾಡಿ ಉದಾಹರಣೆ ಜಾಸ್ತಿ ಹಾಕಿದೆ. ಉದಾಹರಣೆಗಳನ್ನೆಲ್ಲ ಪ್ರೋಗ್ರಾಂಗೇ ಕೊಟ್ಟು, ಕೈಪಿಡಿಯ ಉತ್ತರಕ್ಕೆ ತಾಳೆ ನೋಡುವ ಸಣ್ಣ ಸ್ಕ್ರಿಪ್ಟ್ ಬರೆದೆ. ಪೈಥಾನ್‌ನಲ್ಲಿ ಈ ಕೆಲಸಕ್ಕೆ 'ಡಾಕ್‌ಟೆಸ್ಟ್' ಇದೆ. ಮೊದಲ ಸಲವೇ ಒಂದು ತಪ್ಪು ಸಿಕ್ಕಿತು. ಪ್ರೋಗ್ರಾಂದಲ್ಲ, ನನ್ನದು. 1,25,000*2ರ ಎದುರು 2,50,00 ಅಂತ ಬರೆದಿದ್ದೆ.

ಈಗ ಉಳಿದಿರುವುದು ಒಂದೇ ತಂಟೆ. ಕಾಕಾ ದರವನ್ನು 180/- ಅಂತಲೇ ಟೈಪ್ ಮಾಡುತ್ತಾರೆ. ಪ್ರೋಗ್ರಾಂಗೆ ಅದು ಭಾಗಾಕಾರ, ಹಿಂದೆಯೇ ಒಂದು ಋಣ ಚಿಹ್ನೆ, ಮುಂದೆ ಏನೂ ಇಲ್ಲ. '180 ಆದಮೇಲೆ ಬಂದದ್ದು ತಿಳಿಯಲಿಲ್ಲ' ಅನ್ನುತ್ತದೆ. ಸಾಲಿನ ಕೊನೆಯಲ್ಲಿ /- ಬಂದರೆ ಬಿಟ್ಟುಬಿಡು ಅಂತ ಹೇಳಲೋ, ಕೈಪಿಡಿಯಲ್ಲಿ ಇನ್ನೊಂದು ಸಾಲು ಸೇರಿಸಲೋ ಅಂತ ಕಾಕಾನನ್ನೇ ಕೇಳಿದೆ.

"ಕೈಪಿಡಿ ಯಾರ್ ಓದ್ತಾರೋ ತಮ್ಮಾ?" ಅಂದರು.